ನಮ್ಮನೆಯವರ ಹುಲ್ಲು

ಆಗ ನನಗೆ ಅರವತ್ತಮೂರು ವರ್ಷ. ಅದಾಗಿ ಈಗ ಏಳು ವರ್ಷವಾಯಿತು. ಶ್ರಾವಣದ ಒಂದು ದಿನ ಎಮ್ಮೆ ಕರೆದು, ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ನಮ್ಮ ಪಂಚಾಯ್ತಿ ಮೆಂಬರ್ ಅಂಗಳದಲ್ಲಿ ನಿಂತಿದ್ದ. ಪಕ್ಕದಲ್ಲಿ ಒಬ್ಬಳು ಹುಡುಗಿ. ಪ್ಯಾಂಟು ಹಾಕಿದ್ದಳು, ಕಾಲಿಗೆ ಗಂಬೂಟು, ಕೈಯಲ್ಲಿ ಕಿಟಕಿ ಚೌಕಟ್ಟಿನಂಥ ಒಂದು ಕಬ್ಬಿಣದ ಚೌಕ.

"ಅಮ್ಮಾ, ಇವರು ದಿಬ್ಬದ ಮೇಲಿನ ಹುಲ್ಲು ಗಿಡ ಎಲ್ಲ ಬರ್ಕಳ್ಳೋಕೆ ಬಂದಾರೆ. ನೀವು ಸ್ವಲ್ಪ ಜೊತೆಗೆ ಹೋಗ್ಬೇಕು" ಅಂದ ಮೆಂಬರ್.

"ಬರ್ಕಂಡು ಏನು ಮಾಡ್ತಾರೆ?"

"ಕಲ್ಲು ಕ್ವಾರಿ ಬರ್ತದಲ್ಲ, ಅದಕ್ಕೆ."

"ಕಲ್ಲು ಕೀಳೋರಿಗೆ ಹುಲ್ಲಿನ ಹೆಸರು ಎಂತಕ್ಕೆ? ಹೆಸರು ಹಿಡಿದು ಕರೆದು ಕೀಳ್ತಾರೇನು?"

ಹುಡುಗಿ ನಕ್ಕಳು. ಮೆಂಬರ್ ನಗಲಿಲ್ಲ. ಅವನಿಗೆ ಉಳವಿಗೆ ಹೋಗುವ ಬಸ್ಸು ತಪ್ಪುತ್ತಿತ್ತು.

ನಮ್ಮ ಊರು ಉಳವಿಯಿಂದ ನಡೆದರೆ ಒಂದು ಗಂಟೆಯ ದಾರಿ. ಊರಿನ ಹಿಂದೆ ದಿಬ್ಬ. ಅದು ಗೋಮಾಳ, ಯಾರದೂ ಅಲ್ಲ, ಎಲ್ಲರ ದನ ಮೇಯುವ ಜಾಗ. ಒಂದು ಗೇಣು ಮಣ್ಣಿನ ಕೆಳಗೆ ಜಂಬಿಟ್ಟಿಗೆ ಕಲ್ಲು. ನೇಗಿಲು ಇಳಿಯುವುದಿಲ್ಲ, ಅದಕ್ಕೇ ಅದು ಇಷ್ಟು ವರ್ಷ ದನಕ್ಕೆ ಉಳಿಯಿತು. ಆ ಕಲ್ಲಿಗೇ ಈಗ ಬೆಲೆ ಬಂದಿತ್ತು. ದಿಬ್ಬವನ್ನು ಒಂದೇ ಸಲ ಅಗೆಯುವುದಿಲ್ಲ ಎಂದು ಹುಡುಗಿ ದಾರಿಯಲ್ಲಿ ಹೇಳಿದಳು. ಒಂದು ತುಂಡಿನ ಮೇಲಿನ ಮಣ್ಣು ತೆಗೆದು ಬದಿಗೆ ಗುಡ್ಡೆ ಹಾಕುತ್ತಾರೆ. ಕಲ್ಲು ಕೊಯ್ದು ಒಯ್ಯುತ್ತಾರೆ. ಆಮೇಲೆ ಗುಂಡಿ ಮುಚ್ಚಿ, ಅದೇ ಮಣ್ಣು ಹರಡಿ, ಮೊದಲು ಅಲ್ಲಿ ಏನೇನು ಇತ್ತೋ ಅದನ್ನೇ ಮತ್ತೆ ಬೆಳೆಸಬೇಕು. ಏನಿತ್ತು ಅನ್ನುವುದಕ್ಕೆ ಒಂದು ಪಟ್ಟಿ ಬೇಕು. ಪಟ್ಟಿಯಲ್ಲಿ ಇದ್ದದ್ದು ಬರುತ್ತದೆ, ಇಲ್ಲದ್ದು ಬರುವುದಿಲ್ಲ.

"ಹಂಗಾದ್ರೆ ಸರಿಯಾಗಿ ಬರಿ" ಅಂದೆ.

ಅವಳು ಕೆಲಸ ಮಾಡುವ ರೀತಿ ನೋಡಲು ಚೆನ್ನಾಗಿತ್ತು. ಉದ್ದಕ್ಕೆ ಹಗ್ಗ ಹಿಡಿಯುವುದು, ಇಷ್ಟು ಹೆಜ್ಜೆಗೊಂದು ಕಡೆ ಚೌಕ ಇಡುವುದು, ಚೌಕದ ಒಳಗೆ ಇರುವ ಒಂದೊಂದು ಗಿಡವನ್ನೂ ಎಣಿಸಿ ಬರೆಯುವುದು. ಚೌಕದ ಹೊರಗೆ ಎಂಥ ಗಿಡ ಇದ್ದರೂ ನೋಡುವುದಿಲ್ಲ. ಒಂದು ಕಡೆ ಕವಳಿಹಣ್ಣಿನ ಮಟ್ಟಿ, ಒಳ್ಳೆ ಪೊದೆ, ಚೌಕದಿಂದ ನಾಲ್ಕು ಬೆರಳು ಆಚೆ ಇತ್ತು. ಚೌಕ ಈಚೆ ಸರಿಸು ಅಂದೆ. ಹಾಗೆ ಸರಿಸಬಾರದಂತೆ, ಬಿದ್ದಲ್ಲೇ ಎಣಿಸಬೇಕಂತೆ. ಹಸಿದ ಎಮ್ಮೆ ಚೌಕ ನೋಡಿ ಮೇಯುವುದಿಲ್ಲ ಎಂದು ನಾನು ಅಂದದ್ದಕ್ಕೆ, "ಅಜ್ಜಿ, ಎಮ್ಮೆಗೆ ರಿಪೋರ್ಟ್ ಕೊಡೋದು ಇರಲ್ಲ" ಅಂದಳು. ಬಾಯಿ ಇದ್ದ ಹುಡುಗಿ. ನನಗೆ ಹಿಡಿಸಿತು.

ಗರಿಕೆ, ಕರಡ, ತುಂಬೆ, ನೆಲನೆಲ್ಲಿ, ಉತ್ತರಾಣಿ, ಮುಟ್ಟಿದರೆ ಮುನಿ, ಈಚಲು ಎಲ್ಲ ಹೇಳಿದೆ. ಗಿಡ ಮರ ಬಂದರೆ, "ತಾನಾಗಿ ಬಂದಿದ್ದಾ, ಇಟ್ಟಿದ್ದಾ?" ಎಂದು ಕೇಳುತ್ತಿದ್ದಳು. ನಮ್ಮ ಕಡೆ ಅಡಿಕೆ ಸಸಿಯಾಗಲಿ ಬಾಳೆಕಂದಾಗಲಿ ನೆಡುವುದಕ್ಕೆ ಇಡುವುದು ಎಂದೇ ಹೇಳುವುದು. ಅವಳು ಆ ಮಾತು ನಮ್ಮ ಕಡೆಗೆ ಬಂದ ಮೇಲೆ ಕಲಿತಿದ್ದಳಂತೆ. ಕಲಿತದ್ದನ್ನು ಬಳಸಬೇಕಲ್ಲ, ಬಳಸುತ್ತಿದ್ದಳು.

ದಿಬ್ಬದ ತೆಂಕಲ ಮಗ್ಗುಲಿಗೆ ಹೋದಾಗ ಆ ಹುಲ್ಲು ಬಂತು.

ಆ ಹುಲ್ಲಿನ ಸಂಗತಿ ಮೊದಲು ಹೇಳಬೇಕು. ದಿಬ್ಬದ ಮಾಮೂಲಿ ಹುಲ್ಲು ಕರಡ ದೀಪಾವಳಿಗೆ ಒಣಗಿ ಸದ್ದು ಮಾಡುತ್ತದೆ. ಈ ಹುಲ್ಲು ಹಾಗಲ್ಲ. ಮೇಲೆ ತೆನೆ ಒಣಗಿದರೂ ಬುಡ ಸಂಕ್ರಾಂತಿಯವರೆಗೆ ಹಸಿರಿರುತ್ತದೆ. ಬರಿ ಕಲ್ಲಿನ ಮೇಲೆ ಎರಡು ಬೆರಳು ಮಣ್ಣು ಇದ್ದರೆ ಸಾಕು, ಬೇರು ಬಿಟ್ಟು ಹಿಡಿದುಕೊಳ್ಳುತ್ತದೆ. ಎಮ್ಮೆ ಚಳಿಗಾಲದಲ್ಲಿ ಹಾಲು ಬಿಡುವುದು ಇದರ ಮೇಲೆ. ಗದ್ದೆ ಇಲ್ಲದ, ಹುಲ್ಲಿನ ಬಣವೆ ಇಲ್ಲದ ಹತ್ತು ಹನ್ನೆರಡು ಮನೆ ನಮ್ಮ ಕೇರಿಯಲ್ಲಿವೆ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಆ ಮನೆಗಳ ಎಮ್ಮೆ ದಾಟುವುದು ಈ ಹುಲ್ಲಿನಿಂದಲೇ. ನಮ್ಮದೂ ಅದರಲ್ಲಿ ಒಂದು ಮನೆ.

ನನ್ನ ತವರು ಅಂಜನಾಪುರದ ಕಡೆ. ಅಲ್ಲಿ ಕಾಲುವೆ ನೀರು, ಗದ್ದೆ, ಬೇಕಾದಷ್ಟು ಹುಲ್ಲು. ಗುಡ್ಡಕ್ಕೆ ಹೋಗಿ ಹುಲ್ಲು ಕೊಯ್ಯುವುದನ್ನು ನಾನು ಕಲಿತದ್ದು ಹದಿನೆಂಟಕ್ಕೆ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ. ಕಲಿಸಿದವಳು ಅತ್ತೆ. ಮೊದಲ ವರ್ಷವೇ ಈ ಹುಲ್ಲು ತೋರಿಸಿ, "ಇದರ ಹೆಸರು ಇಂಥದ್ದು. ಒಂದು ಸಲ ಕೇಳಿಸ್ಕ. ನೀ ಹೇಳಂಗಿಲ್ಲ" ಅಂದಳು. ಯಾಕೆಂದರೆ ನಮ್ಮ ಯಜಮಾನರ ಹೆಸರೂ ಅದೇ. ಅವರಿಗಿಂತ ಮುಂಚೆ ಹುಟ್ಟಿದ ಎರಡು ಮಕ್ಕಳು ಹೋಗಿದ್ದವಂತೆ. ಒಳ್ಳೆಯ ಹೆಸರು ಇಟ್ಟರೆ ಇದಕ್ಕೂ ಕಣ್ಣು ಬೀಳುತ್ತದೆ ಎಂದು ಅವರ ಅಜ್ಜಿ ಹುಲ್ಲಿನ ಹೆಸರು ಇಟ್ಟಳು. ತಿಪ್ಪೆ, ಕಲ್ಲು ಎಂದೆಲ್ಲ ಮಕ್ಕಳಿಗೆ ಹೆಸರಿಡುತ್ತಿದ್ದರಲ್ಲ, ಹಾಗೆ. ಶಾಲೆಗೆ ಹೋದಾಗ ಮೇಷ್ಟರು ಆ ಹೆಸರು ಬರೆಯಲು ಒಪ್ಪದೆ ಒಂದು ದೇವರ ಹೆಸರು ಬರೆದುಕೊಂಡರು. ಓಟಿನ ಪಟ್ಟಿ, ರೇಷನ್ ಕಾರ್ಡು ಎಲ್ಲದರಲ್ಲೂ ಈಗ ದೇವರ ಹೆಸರೇ. ಊರಿನವರು ಕರೆಯುವುದು ಹಗ್ಗದಜ್ಜ ಎಂದು. ಎಲ್ಲ ಮನೆಯ ದನಕ್ಕೂ ಹಗ್ಗ ಹೊಸೆದು ಕೊಡುವವರು ಅವರು. ಹುಲ್ಲಿನ ಹೆಸರಿಂದ ಕರೆಯುತ್ತಿದ್ದವರು ಅವರ ಅವ್ವ ಮತ್ತು ಅಕ್ಕ. ಇಬ್ಬರೂ ತೀರಿಹೋದರು.

ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಾನು ನಂಬಿದ್ದೆನೋ ಇಲ್ಲವೋ ಗೊತ್ತಿಲ್ಲ. ಹೇಳಿ ನೋಡುವ ದರ್ದೇನೂ ಇರಲಿಲ್ಲ. ಹುಲ್ಲು ಕೊಯ್ಯಲು ಹೋದಾಗ ನಾನು ಇದನ್ನು ನಮ್ಮನೆಯವರ ಹುಲ್ಲು ಅನ್ನುತ್ತಿದ್ದೆ. ಜೊತೆಗೆ ಬರುತ್ತಿದ್ದ ಹೆಂಗಸರಿಗೆ ಅರ್ಥವಾಗುತ್ತಿತ್ತು. "ನಿನ್ನ ಗಂಡನ್ನ ಎಷ್ಟು ಹೊರೆ ಕೊಯ್ದ್ಯೇ?" ಎಂದು ಅವರು ಆಡಿಕೊಳ್ಳುವುದು, ನಾನು ಬೈಯುವುದು. ಆ ಹೆಂಗಸರೂ ಈಗ ಇಲ್ಲ. ಇರುವ ಒಬ್ಬಿಬ್ಬರು ಶಿರಾಳಕೊಪ್ಪದ ಕಡೆ ಮಗಳ ಮನೆಯಲ್ಲಿದ್ದಾರೆ. ಈಗಿನವರಿಗೆ ದಿಬ್ಬದ ಮೇಲೆ ಇರುವುದೆಲ್ಲ ಕರಡವೇ.

ಹುಡುಗಿ ಚೌಕ ಇಟ್ಟು, ಆ ಹುಲ್ಲಿನ ಬುಡ ಹಿಡಿದು, ಎಲೆ ತಿಕ್ಕಿ, ಭೂತಗನ್ನಡಿಯಂಥದ್ದರಲ್ಲಿ ನೋಡಿದಳು. ಹೂ ಬಾರದೆ ಈ ಜಾತಿ ಗುರುತು ಸಿಗುವುದಿಲ್ಲ ಎಂದು ತಾನೇ ಹೇಳಿಕೊಂಡಳು. ಆಮೇಲೆ ಕೇಳಿದಳು.

"ಇದರ ಹೆಸರೇನು ಅಜ್ಜಿ?"

"ಇದು ನಮ್ಮನೆಯವರ ಹುಲ್ಲು."

"ಓ, ನಿಮ್ಮನೆಯವರದ್ದಾ?"

"ಹ್ಞೂಂ, ಅವರದೇ."

"ಯಾರು ಇಟ್ಟಿದ್ದು?"

"ಅವರ ಅಜ್ಜಿ. ಇವರು ಹುಟ್ಟಿದಾಗ ಇಟ್ಟಿದ್ದಂತೆ."

"ಮಗು ಹುಟ್ಟಿದಾಗ ಇಡೋದಾ? ಒಳ್ಳೆ ಪದ್ಧತಿ."

"ಮುಂಚೆ ಎರಡು ಹೋಗಿದ್ವು. ಇದಾದ್ರೂ ಉಳೀಲಿ ಅಂತ ಇಟ್ಟಿದ್ದು."

"ಉಳಿದು ಚೆನ್ನಾಗೇ ಇದೆಯಲ್ಲ."

"ಹ್ಞೂಂ, ಗಟ್ಟಿ ಜೀವ."

ಅವಳು ತಲೆ ಎತ್ತದೆ ಎಲ್ಲವನ್ನೂ ಬರೆದುಕೊಂಡಳು. ಅವಳು ಕೇಳಿದ್ದು ಹುಲ್ಲು ಇಟ್ಟವರು ಯಾರು ಎಂದು. ನಾನು ಹೇಳಿದ್ದು ಹೆಸರು ಇಟ್ಟವರು ಯಾರು ಎಂದು. ಇಬ್ಬರ ಮಾತೂ ಸರಿಯಾಗಿ ಹೊಂದಿಕೊಂಡಿತು, ಅದಕ್ಕೇ ಯಾರಿಗೂ ಗುಮಾನಿ ಬರಲಿಲ್ಲ. ಸಂಜೆ ನಮ್ಮ ಜಗಲಿಯಲ್ಲಿ ಕೂತು ಹಾಳೆಗಳ ಕೆಳಗೆ ನನ್ನ ಸಹಿ ಹಾಕಿಸಿಕೊಂಡಳು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ಸಹಿ ಮಾಡುತ್ತೇನೆ, ಹೆಬ್ಬೆಟ್ಟಲ್ಲ. ಆದರೆ ಮೇಲೆ ಏನು ಬರೆದಿದೆ ಎಂದು ಓದುವ ತಾಳ್ಮೆ ನನಗಿಲ್ಲ, ಅವಳ ಅಕ್ಷರವೂ ಇರುವೆ ಸಾಲು. ಚಹಾ ಕುಡಿದು ಹೋದಳು.

ದೀಪಾವಳಿ ಕಳೆದು ಎಂಟು ದಿನಕ್ಕೆ ಪಂಚಾಯ್ತಿಯಲ್ಲಿ ಸಭೆ ಕರೆದರು. ತಾಲ್ಲೂಕಿನಿಂದ ಒಬ್ಬರು ಆಫೀಸರು ಬಂದಿದ್ದರು. ಕ್ವಾರಿ ಕಡೆಯ ಒಬ್ಬ ಮನುಷ್ಯ, ಆ ಹುಡುಗಿ, ನಮ್ಮ ಮೆಂಬರ್, ಊರವರು ಮೂವತ್ತು ನಲವತ್ತು ಜನ. ಪಟ್ಟಿ ಓದುತ್ತಾರೆ, ತಪ್ಪಿದ್ದರೆ ಅಲ್ಲೇ ಹೇಳಬೇಕು, ಆಮೇಲೆ ಅದು ಹೋಗಿ ಮೇಲಿನ ಕಚೇರಿ ಸೇರಿದರೆ ಬದಲಾಗುವುದಿಲ್ಲ ಎಂದರು. ನಾನು ಹಿಂದೆ ಹೆಂಗಸರ ಜೊತೆ ಕೂತಿದ್ದೆ.

ಹುಡುಗಿ ಓದಿದಳು. ಗರಿಕೆ, ಕರಡ, ತುಂಬೆ, ಎಲ್ಲ ಬಂದವು. ನನ್ನ ಹುಲ್ಲು ಬರಲಿಲ್ಲ. ಕೊನೆಗೆ ಬೇರೆ ಹಾಳೆ ತೆಗೆದು, "ತೆಂಕಲ ಮಗ್ಗುಲಲ್ಲಿರೋ ಒಂದು ಜಾತಿ ಹುಲ್ಲು ಮಾತ್ರ ತಾನಾಗಿ ಬಂದಿದ್ದಲ್ಲ, ಒಂದು ಕುಟುಂಬದವರು ಇಟ್ಟು ಬೆಳೆಸಿದ್ದು. ಅದನ್ನ ಪಟ್ಟಿಗೆ ಸೇರಿಸಿಲ್ಲ" ಅಂದಳು.

ಆಫೀಸರು ಕನ್ನಡಕ ಏರಿಸಿದರು. "ಗೋಮಾಳದಲ್ಲಿ ಇಟ್ಟು ಬೆಳೆಸಿದ್ದು ಯಾರ್ರೀ? ಒತ್ತುವರಿ ಆಗಿದೆಯಾ?"

ಹುಡುಗಿ ನನ್ನ ಕಡೆ ನೋಡಿದಳು. ಎಲ್ಲರೂ ತಿರುಗಿದರು. ನನ್ನ ಪಕ್ಕದ ಮನೆಯವನು, ನನ್ನ ಮೈದುನನ ವಾರಿಗೆಯವನು, ಸುಮ್ಮನಿರುವ ಜಾತಿಯಲ್ಲ.

"ಹಂಗಾರೆ ಇಷ್ಟು ವರ್ಷ ನಮ್ಮ ದನ ಮೇಯ್ದಿದ್ದು ಅತ್ತಿಗೆಮ್ಮನ ಹೊಲದಾಗೆ ಅನ್ನು. ಬಾಡಿಗೆ ಕೇಳಲಿಲ್ಲ, ಪುಣ್ಯಾತ್ಗಿತ್ತಿ."

ಒಂದಿಷ್ಟು ಜನ ನಕ್ಕರು, ಒಂದಿಷ್ಟು ಜನ ನಗಲಿಲ್ಲ. ನಗದವರ ಮುಖವೇ ನನಗೆ ಹೆಚ್ಚು ಕಂಡಿತು. ಕ್ವಾರಿ ಮನುಷ್ಯ, "ಪರವಾಗಿಲ್ಲ ಬಿಡಿ, ಆ ಜಾಗಕ್ಕೆ ನಾವು ಅಂಗಡಿ ಬೀಜ ತರಿಸಿ ಹಾಕಿಸ್ತೀವಿ. ಬೇಗ ಬರುತ್ತೆ" ಅಂದ.

ಬೇಗ ಬಂದದ್ದು ಬೇಗ ಹೋಗುತ್ತದೆ. ಒತ್ತುವರಿ ನೋಟೀಸು ಬಂದರೆ ಬರಲಿ, ಕಚೇರಿಗೆ ಹೋಗಿ ಜಗಳ ಮಾಡಿದರಾಯಿತು. ಆದರೆ ಈ ಹುಲ್ಲು ಪಟ್ಟಿಯಲ್ಲಿ ಇಲ್ಲದಿದ್ದರೆ ಮುಚ್ಚಿದ ನೆಲಕ್ಕೆ ಅದು ಮತ್ತೆ ಬರುವುದಿಲ್ಲ. ತುಂಡು ತುಂಡಾಗಿ ಇಡೀ ದಿಬ್ಬದಿಂದ ಹೋಗುತ್ತದೆ. ಚಳಿಗಾಲದಲ್ಲಿ ಹನ್ನೆರಡು ಮನೆಯ ಎಮ್ಮೆ ಏನು ತಿನ್ನಬೇಕು? ಎದ್ದು ನಿಂತೆ.

"ನಾವು ಹುಲ್ಲು ಇಟ್ಟಿಲ್ಲ. ಅದು ಕಲ್ಲು ಹುಟ್ಟಿದಾಗಿಂದ ಅಲ್ಲೇ ಐತೆ. ಅಜ್ಜಿ ಇಟ್ಟಿದ್ದು ಅಂತ ಹೇಳಿದ್ದು ಹೆಸರು."

"ಯಾವ ಹೆಸರು?" ಆಫೀಸರು ಕೇಳಿದರು.

"ಅದೇ, ಹುಲ್ಲಿಂದು."

"ಅದೇ ಕೇಳ್ತಿರೋದು ಕಣಮ್ಮ. ಹುಲ್ಲಿನ ಹೆಸರೇನು?"

ಅದನ್ನು ನಾನು ಹೇಳುವ ಹಾಗಿಲ್ಲ. ಹಿಂದೆ ಹೆಂಗಸರಿಗೆ ಅರ್ಥವಾಯಿತು, ಸೆರಗು ಬಾಯಿಗೆ ಹೋಯಿತು. ಒಬ್ಬಳು ಕೂತಲ್ಲಿಂದಲೇ, "ಗಂಡನ ಹೆಸರಿರಬೇಕು ಸಾರ್, ಅವರು ಹೇಳಲ್ಲ" ಅಂದಳು.

"ಸರಿ, ಗಂಡನ ಹೆಸರೇನು? ಬೇರೆಯವರು ಹೇಳಿ."

ಮೆಂಬರ್ ಓಟಿನ ಪಟ್ಟಿ ತೆಗೆಸಿದ. ಬೆರಳಿಟ್ಟು ದೇವರ ಹೆಸರು ಓದಿದ.

"ಈ ಹೆಸರಿನ ಹುಲ್ಲಾ?"

"ಅಲ್ಲ. ಅದು ಮೇಷ್ಟ್ರು ಬರೆದಿದ್ದು."

"ಮತ್ತೆ ಹಗ್ಗದಜ್ಜ ಅಂತೀವಲ್ಲ" ಅಂದ ಪಕ್ಕದ ಮನೆಯವನು.

"ಹಗ್ಗದಜ್ಜ ಅಂತ ಹುಲ್ಲು ಇರ್ತದೇನೋ?" ಅಂದ ಇನ್ನೊಬ್ಬ.

"ಏ, ಅದು ಕರಡನೇ ಬಿಡ್ರೀ. ಕರಡ ಪಟ್ಟಿಯಾಗೆ ಐತಲ್ಲ" ಅಂದ ಪಕ್ಕದ ಮನೆಯವನೇ.

"ಕರಡ ಬೇರೆ, ಇದು ಬೇರೆ. ನೀನು ಡೈರಿಗೆ ಹಾಲು ಹಾಕ್ತೀ, ಎಮ್ಮೆ ಎಂತ ತಿಂದು ಹಾಲು ಕೊಡ್ತದೆ ಅಂತ ಒಂದು ದಿನ ನೋಡಿದಿಯಾ?" ಅಂದೆ. ಅವನ ಹೆಂಡತಿ ನನ್ನ ಪಕ್ಕದಲ್ಲೇ ಕೂತಿದ್ದಳು, ಅವಳಿಗೆ ಖುಷಿಯಾದ ಹಾಗಿತ್ತು.

ಮೆಂಬರ್‌ಗೆ ಒಂದು ಉಪಾಯ ಹೊಳೆಯಿತು. ನಮ್ಮ ಮನೆಗೆ ಫೋನು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಯಜಮಾನರ ಮಂಡಿ ಹಿಡಿದುಕೊಂಡಿದ್ದರಿಂದ ಅವರು ಸಭೆಗೆ ಬಂದಿರಲಿಲ್ಲ.

"ಅಜ್ಜಾ, ನಿಮ್ಮ ಹೆಸರು ಹೇಳ್ಬೇಕಂತೆ."

"ನನ್ನ ಹೆಸರು ಗೊತ್ತಿಲ್ದೇ ಫೋನು ಮಾಡಿದ್ಯಾ?"

"ಅದಲ್ಲ. ಚಿಕ್ಕಂದಿಂದು. ಹುಲ್ಲಿಂದು."

"ಬರೆಸಿದ್ದು ಯಾರು?"

"ಅಮ್ಮ."

"ಅಲ್ಲೇ ಇದಾಳಾ?"

"ಇದಾರೆ."

"ಬರೆಸಿದೋಳು ಹೇಳ್ಲಿ."

"ಅವರು ಹೇಳಲ್ವಂತೆ ಅಜ್ಜಾ."

"ಹಂಗಾದ್ರೆ ಹುಲ್ಲು ಹೋಗ್ಲಿ ಬಿಡು" ಅಂದು ಇಟ್ಟೇಬಿಟ್ಟರು.

ಅವರಿಗೇನು, ಹೇಳುತ್ತಾರೆ. ಆ ದಿಬ್ಬ ಹತ್ತಿ ಹೊರೆ ಇಳಿಸಿದವರು ಅವರಲ್ಲ. ಅವರು ಹೊಸೆದ ಹಗ್ಗದಲ್ಲಿ ಹೊರೆ ಕಟ್ಟಿದ್ದು ನಾನು. ನನಗೆ ಸಿಟ್ಟು ಬಂತು. ಆ ಸಿಟ್ಟಲ್ಲೇ ಹೇಳಿದೆ.

ಮೂರು ಅಕ್ಷರ. ಫ್ಯಾನು ತಿರುಗುತ್ತಿದ್ದುದರಿಂದ ಆಫೀಸರಿಗೆ ಕೇಳಿಸಲಿಲ್ಲ. "ಏನಮ್ಮ? ಜೋರಾಗಿ ಹೇಳು" ಅಂದರು. ಇನ್ನೊಮ್ಮೆ ಹೇಳಿದೆ. ಹುಡುಗಿ ಪೆನ್ನು ಹಿಡಿದು, "ಅಜ್ಜಿ, ಒತ್ತಕ್ಷರ ಇದೆಯಾ?" ಅಂದಳು. ಒತ್ತು ಗಿತ್ತು ನನಗೆ ಗೊತ್ತಿಲ್ಲ, ನಾನು ಹೇಳಿದ ಹಾಗೆ ಬರಿ ಎಂದು ಮೂರನೇ ಸಲ ಹೇಳಿದೆ. ನಲವತ್ತೈದು ವರ್ಷದಲ್ಲಿ ಒಂದು ಸಲವೂ ಹೇಳದ್ದನ್ನು ಒಂದೇ ಮಧ್ಯಾಹ್ನ ಮೂರು ಸಲ. ಇಲ್ಲಿ ಮತ್ತೆ ಹೇಳುವುದಿಲ್ಲ. ಪಂಚಾಯ್ತಿಯ ಪಟ್ಟಿಯಲ್ಲಿದೆ, ಬೇಕಾದವರು ಹೋಗಿ ನೋಡಿಕೊಳ್ಳಲಿ.

ಹುಡುಗಿ ಎದ್ದು ನಿಂತು, ತಪ್ಪು ತನ್ನದು, ಹೆಸರು ಇಟ್ಟಿದ್ದಾ ಗಿಡ ಇಟ್ಟಿದ್ದಾ ಎಂದು ಬಿಡಿಸಿ ಕೇಳಬೇಕಿತ್ತು ಎಂದು ಎಲ್ಲರ ಮುಂದೆ ಹೇಳಿದಳು. ಹಾಗೆ ಹೇಳುವವರು ಕಡಿಮೆ. ಅರ್ಧ ತಪ್ಪು ನನ್ನದೂ ಇತ್ತು, ಅದನ್ನು ನಾನು ಹೇಳಲಿಲ್ಲ. ಬೇರೆ ಹಾಳೆಯಲ್ಲಿದ್ದದ್ದನ್ನು ಹೊಡೆದು, ಪಟ್ಟಿಗೆ ಸೇರಿಸಿ, ಪಕ್ಕದಲ್ಲಿ ನನ್ನ ಸಹಿ ತೆಗೆದುಕೊಂಡರು. ಈ ಸಲ ಓದಿಸಿಕೊಂಡು ಸಹಿ ಹಾಕಿದೆ. ಆಫೀಸರು, ಹೆಸರು ಬಂದರೆ ಸಾಲದು, ತೆನೆ ಸಮೇತ ಗಿಡ ತಂದು ಜಾತಿ ಗುರುತಿಸಿ ವಾರದೊಳಗೆ ಕಳಿಸಬೇಕು ಎಂದು ಹುಡುಗಿಗೆ ಹೇಳಿದರು. ಬೀಜ ಎಲ್ಲಿ ಸಿಗುತ್ತದೆ ಎಂದು ಕ್ವಾರಿ ಮನುಷ್ಯ ಕೇಳಿದ. ಅಂಗಡಿಯಲ್ಲಂತೂ ಸಿಗುವುದಿಲ್ಲ ಅಂದೆ.

ಮೊದಲ ತುಂಡು ಮುಚ್ಚಿ ಈಗ ಮೂರು ಮಳೆಗಾಲ ಆಗಿದೆ. ಆ ಹುಲ್ಲನ್ನೂ ಹಾಕಿದ್ದಾರೆ. ಎಲ್ಲ ಕಡೆ ಹಿಡಿದಿಲ್ಲ. ಮಣ್ಣು ಬಿಗಿಯಾಗಿ ತುಳಿದಲ್ಲಿ ಏನೂ ಬಂದಿಲ್ಲ, ಬರಿ ಕೆಂಪು. ಹಿಡಿದ ಕಡೆ ಎಮ್ಮೆ ನಿಲ್ಲುತ್ತವೆ. ಯಜಮಾನರೂ ಇದ್ದಾರೆ, ಎಪ್ಪತ್ತೈದಾಯಿತು. ಮಂಡಿ ಮಾತ್ರ ಹಾಗೇ ಇದೆ.

ಅವತ್ತು ಸಭೆ ಮುಗಿಸಿ ಬಂದಾಗ ಅವರು ಜಗಲಿಯ ಮೇಲೆ ಕಾಲು ಚಾಚಿ ಹಗ್ಗ ಹೊಸೆಯುತ್ತಿದ್ದರು. ನಾನು ಸೀದಾ ಒಳಗೆ ಹೋಗಿ ನೀರು ಕುಡಿದೆ. ಎಮ್ಮೆಗೆ ಅಕ್ಕಚ್ಚು ಇಟ್ಟೆ. ಸುಮಾರು ಹೊತ್ತಾದ ಮೇಲೆ ಅವರೇ ಕೇಳಿದರು.

"ಹೇಳಿದ್ಯಾ?"

"ಹೇಳ್ದೆ."

"ಎಲ್ಲರ ಮುಂದೆ?"

"ಮತ್ತೆ ಗೋಡೆ ಮುಂದೆ ಹೇಳೋಕೆ ಆಗ್ತದಾ? ಮೂರು ಸಲ ಹೇಳ್ಸಿದ್ರು."

ಅವರು ಹಗ್ಗದ ಎಳೆ ತೊಡೆಗೆ ಒತ್ತಿ ಇನ್ನೊಂದು ಸುತ್ತು ಹೊಸೆದರು. "ನೀವೇ ಹೇಳಿದ್ರೆ ಏನಾಗ್ತಿತ್ತು?" ಎಂದು ನಾನು ಕೇಳಿದೆ.

"ಅಕ್ಕ ಹೋದ್ಮೇಲೆ ಯಾರೂ ಅನ್ಲಿಲ್ಲ. ನಿನ್ನ ಬಾಯಾಗೆ ಹೆಂಗೆ ಬರ್ತದೆ ಅಂತ ಕೇಳ್ಬೇಕಿತ್ತು. ಫೋನು ಇಟ್ಟುಬಿಟ್ಟೆ, ಕೇಳಲಿಲ್ಲ. ಇನ್ನೊಂದು ಸಲ ಹೇಳು ನೋಡಾಣ."

"ನಾ ಹೇಳಿದ್ದು ಹುಲ್ಲಿಗೆ, ನಿಮಗಲ್ಲ. ಊಟಕ್ಕೆ ಏಳ್ರಿ."

ಎದ್ದರು. ಎರಡು ರೊಟ್ಟಿ ಹೆಚ್ಚಿಗೆ ಉಂಡರು.

ಮಾರನೇ ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕುವುದನ್ನು ಸೊಸೆಗೆ ಬಿಟ್ಟು, ಕುಡುಗೋಲು ಮತ್ತು ಎರಡು ಗೋಣಿಚೀಲ ತೆಗೆದುಕೊಂಡು ದಿಬ್ಬ ಹತ್ತಿದೆ. ಇಬ್ಬನಿ ಆರಿರಲಿಲ್ಲ. ಹುಡುಗಿ ಬರುವವರೆಗೆ ಕಾದು, ಅವಳಿಗೆ ಬೇರು ಸಮೇತ ನಾಲ್ಕು ಬುಡ ಕಿತ್ತು ಕೊಟ್ಟೆ. ಅವಳು ಪೇಪರಿನ ನಡುವೆ ಇಟ್ಟುಕೊಂಡಳು. ಆಮೇಲೆ ಬಿಸಿಲು ಬಂದು ತೆನೆ ಒಣಗಿದ ಮೇಲೆ ಇಬ್ಬರೂ ಸೇರಿ ಬೀಜ ಉದುರಿಸಿದೆವು. ಅವಳ ಕೈ ಬೇಗ ಕೆಂಪಾಯಿತು, ಸೆರಗು ಸುತ್ತಿಕೊಳ್ಳೋಣವೆಂದರೆ ಅವಳಿಗೆ ಸೆರಗಿಲ್ಲ, ನನ್ನ ತಲೆಯ ವಸ್ತ್ರ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಒಂದು ಚೀಲ ಅರ್ಧ ತುಂಬಿತು. ಮನೆಗೆ ತಂದು, ಮೊರದಲ್ಲಿ ಕೇರಿ, ಬೂದಿ ಬೆರೆಸಿ, ಅಟ್ಟದ ಮೇಲಿಟ್ಟೆ.